ಕೈಗಿಂತ ಮುಂದೆ ಹೋದ ಗೆರೆ

ಹುಲಿಗೆಮ್ಮ ಪೆಟ್ಟಿಗೆಯ ಮುಂದಿನ ಜಾಲರಿಯನ್ನು ಬಿಚ್ಚಿ ಹೊರಗೆ ತಂದು, ಕಟ್ಟೆಯ ಅಂಚಿಗೆ ಮೆಲ್ಲಗೆ ಬಡಿದಳು. ಕರಿದೂಳು ಉದುರಿತು. ಸುಣ್ಣ ಬಳಿಯುವ ಹಳೆಯ ಕುಂಚದಿಂದ ಮೂಲೆ ಮೂಲೆಯನ್ನು ತಿಕ್ಕಿದಳು. ಬಾಯಿಂದ ಊದಲಿಲ್ಲ, ಊದಿದರೆ ತೇವ ಹತ್ತಿ ದೂಳು ಕಚ್ಚಿಕೊಳ್ಳುತ್ತದೆ. ಜಾಲರಿಯನ್ನು ಬಿಸಿಲಿಗೆ ಹಿಡಿದು ಒಂದೊಂದು ಕಣ್ಣೂ ಬಿಟ್ಟಿದೆಯೇ ಎಂದು ನೋಡಿದಳು. ಒಳಗೆ ಹೋಗಿ ಮತ್ತೆ ಕೂಡಿಸಿ, ನಾಲ್ಕು ತಿರುಪುಗಳನ್ನು ಬಿಗಿ ಮಾಡಿದಳು. ಪೆಟ್ಟಿಗೆ ಎಂದರೆ ಸಂಘದ ಕಂಪ್ಯೂಟರು, ಅದರಲ್ಲಿ ಆರು ಫ್ಯಾನುಗಳಿದ್ದವು. ಮೂರು ತಿಂಗಳಿಂದ ಎರಡೇ ತಿರುಗುತ್ತಿದ್ದವು. ಕೆಲಸವಿಲ್ಲದ ಯಂತ್ರಕ್ಕೆ ಬಿಸಿ ಎಲ್ಲಿಂದ ಬರಬೇಕು?

ಬರುವ ಭಾನುವಾರ ಸಂಘದವರು ಒಪ್ಪಿದರೆ ಆ ಎರಡೂ ನಿಲ್ಲುವವು. ಪೆಟ್ಟಿಗೆ ಗುಜರಿಗೆ ಹೋಗುವುದು.

ಕರಿಗುಡ್ಡ ಕ್ಯಾಂಪಿನಲ್ಲಿ ಮ್ಯಾಂಗನೀಸ್ ಗಣಿ ಮುಚ್ಚಿ ವರ್ಷಗಳಾಗಿದ್ದವು. ಗಣಿ ಹೋದರೂ ಅದರ ದೂಳು ಅದಿರು ಒಡೆದವರ ಮೈಯಲ್ಲೇ ಉಳಿದಿತ್ತು. ಮೊದಲು ಬೆರಳ ತುದಿ ಅದುರುವುದು, ಆಮೇಲೆ ಮಣಿಕಟ್ಟು, ಆಮೇಲೆ ಇಡೀ ತೋಳು. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳುತ್ತಿದ್ದರು. ಕ್ಯಾಂಪಿನವರು ಗುಡ್ಡದ ನಡುಕ ಎನ್ನುತ್ತಿದ್ದರು. ಅಂಥವರು ಮೂವತ್ತೊಂದು ಮಂದಿ ಸೇರಿ ಸಂಘ ಕಟ್ಟಿ ತೋಳಪಟ್ಟಿ ತರಿಸಿಕೊಂಡಿದ್ದರು.

ತೋಳಪಟ್ಟಿ ಎಂದರೆ ಹೆಗಲಿಂದ ಮಣಿಕಟ್ಟಿನವರೆಗೆ ಹಾಕಿಕೊಳ್ಳುವ ತೆಳ್ಳನೆಯ ಬಟ್ಟೆಯ ಚೀಲ. ಒಳಗೆ ಜೋಳದ ಕಾಳಿನಷ್ಟು ಸಣ್ಣ ಲೋಹದ ಗುಂಡಿಗಳು. ಕೈ ಎತ್ತ ನಡುಗುತ್ತದೆಂದು ಗುಂಡಿಗಳು ತಿಳಿದು ಪೆಟ್ಟಿಗೆಗೆ ಹೇಳುತ್ತವೆ. ಪೆಟ್ಟಿಗೆ ಲೆಕ್ಕ ಹಾಕಿ, ಅದರ ಎದುರು ದಿಕ್ಕಿಗೆ ಸ್ನಾಯುವನ್ನು ಸಣ್ಣ ಕರೆಂಟಿನಿಂದ ಎಳೆಯಲು ಪಟ್ಟಿಗೆ ಹೇಳುತ್ತದೆ. ಎರಡೂ ಎಳೆತ ಸರಿಸಮವಾದರೆ ಕೈ ನೆಟ್ಟಗೆ ನಿಲ್ಲುತ್ತದೆ. ಎಲ್ಲವೂ ಕಣ್ಣೆವೆ ಮುಚ್ಚುವುದರೊಳಗೆ ಹತ್ತಾರು ಸಲ ನಡೆದುಹೋಗುತ್ತದೆ. ಅದಕ್ಕೇ ಪೆಟ್ಟಿಗೆ ಹತ್ತಿರವಿರಬೇಕು. ಹಳೆಯ ರೇಷನ್ ಡಿಪೋದ ಹಿಂದಿನ ಕೋಣೆಯಲ್ಲಿ ಅದನ್ನು ಕೂಡಿಸಿದವರು ಗಣಿಯಲ್ಲಿ ಮೋಟರು ರಿಪೇರಿ ಮಾಡುತ್ತಿದ್ದ ಖಾಜಾ ಹುಸೇನ್. ದಿನಾ ಒರೆಸುವವಳು, ಕಾಯುವವಳು ಹುಲಿಗೆಮ್ಮ.

ಅವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವ್ವ ಇರಲಿಲ್ಲ, ಅಪ್ಪನ ಕೈಗೆ ನಡುಕ ಬಂದಿತ್ತು, ಉಣಿಸುವವರು ಬೇಕಿತ್ತು. ಮಂದಿಯ ಮುಂದೆ ಮಾತಾಡಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಆದರೆ ಯಾರದ್ದೋ ಚಪ್ಪಲಿ ಸದ್ದು ಕೇಳಿ ಅವರು ಇವತ್ತು ಉಂಡಿದ್ದಾರೋ ಇಲ್ಲವೋ ಹೇಳಬಲ್ಲಳು. ಖಾಜಾ ಅವಳಿಗೆ ಪರದೆ ಓದಲು ಕಲಿಸಿದ್ದರು. ಅಕ್ಷರ ಬೇಕಿರಲಿಲ್ಲ. ಹಸಿರು ಗೆರೆ ಎಂದರೆ ಕೈ ಮಾಡಿದ್ದು, ಕೆಂಪು ಗೆರೆ ಎಂದರೆ ಪಟ್ಟಿಗೆ ಬಂದ ಅಪ್ಪಣೆ. ಹಸಿರು ಮುಂದೆ, ಕೆಂಪು ಅದರ ಬೆನ್ನಿಗೆ ಕೂದಲೆಳೆಯಷ್ಟು ಹಿಂದೆ. "ಎತ್ತಿನ ಹಿಂದ ಬಂಡಿ ಇದ್ದಂಗ, ಬೇಟಿ. ಹಂಗ ಇರೂತನಕ ಚಿಂತಿಲ್ಲ" ಎಂದಿದ್ದರು.

ಆದರೆ ಹೋದ ಬೇಸಿಗೆಯಲ್ಲಿ ಪೆಟ್ಟಿಗೆ ಎರಡು ದಿನ ಸತ್ತಿತ್ತು. ಒಳಗಿನ ಒಂದು ಸರ್ಕ್ಯೂಟ್ ಹಲಗೆ ಸುಟ್ಟು, ಅಂಥದ್ದು ಹೊಸಪೇಟೆಯಲ್ಲಿ ಸಿಗದೆ, ಖಾಜಾ ಬಸ್ಸು ಹತ್ತಿ ಹೈದರಾಬಾದಿಗೆ ಹೋಗಿ ತಂದರು. ಆ ಎರಡು ದಿನ ಕ್ಯಾಂಪಿನ ಮೂವತ್ತೊಂದು ಮಂದಿಗೆ ಬೇರೆಯವರು ಉಣಿಸಿದರು, ಮೈ ತೊಳೆದರು, ಅಂಗಿಯ ಗುಂಡಿ ಹಾಕಿದರು. ಹುಲಿಗೆಮ್ಮನ ಅಪ್ಪ ಎರ್ರಿಸ್ವಾಮಿ ಅವಳ ಕೈತುತ್ತು ತಿನ್ನುವಾಗ ಗೋಡೆ ಕಡೆ ಮುಖ ಮಾಡಿಕೊಂಡಿದ್ದ.

ಅದಾಗಿ ತಿಂಗಳೊಳಗೆ ಕಂಪ್ಯೂಟರ್ ಕಂಪನಿಯವರು ಬಂದರು. ನಿಮ್ಮ ಪೆಟ್ಟಿಗೆ ಯಾಕೆ, ರಿಪೇರಿ ಯಾಕೆ? ದೂರದ ಊರಲ್ಲಿ ನಮ್ಮ ಸಾವಿರಾರು ಯಂತ್ರಗಳಿವೆ, ಒಂದು ಕೆಟ್ಟರೆ ಇನ್ನೊಂದು ನೋಡಿಕೊಳ್ಳುತ್ತದೆ, ನೀವು ಕ್ಲೌಡಿಗೆ ಬನ್ನಿ ಎಂದರು. ಕ್ಯಾಂಪಿನವರು ಅದನ್ನು ಮೋಡ ಎಂದರು. ಮೂರು ತಿಂಗಳು ಪರೀಕ್ಷೆಗೆ ಬಿಟ್ಟರು. ಪಟ್ಟಿಗಳು ಮೋಡದ ಮಾತು ಕೇಳತೊಡಗಿದವು, ಪೆಟ್ಟಿಗೆ ಸುಮ್ಮನೆ ಕಿವಿಗೊಟ್ಟು ಬರೆದುಕೊಳ್ಳುತ್ತ ಕೂತಿತು. ಮೂರು ತಿಂಗಳಲ್ಲಿ ಒಂದೇ ಒಂದು ದಿನವೂ ಒಬ್ಬರ ಕೈಯೂ ನಡುಗಲಿಲ್ಲ.

*

ಗುರುವಾರ ಬೆಳಿಗ್ಗೆ ಅಪ್ಪನ ಅಂಗಡಿಗೆ ಬಿಸಿನೀರು ಕೊಡಲು ಹೋದಾಗ ಜಗಳ ಕಟ್ಟೆ ಇಳಿದು ರಸ್ತೆಗೆ ಬಂದಿತ್ತು.

ಎರ್ರಿಸ್ವಾಮಿ ಮನೆತನದ ಕ್ಷೌರದ ಕಸುಬು ಬಿಟ್ಟು ಹದಿನಾರು ವರ್ಷ ಗಣಿಗೆ ಹೋದವನು. ತೋಳಪಟ್ಟಿ ಬಂದ ಮೇಲೆ ಮತ್ತೆ ಕತ್ತಿ ಹಿಡಿದಿದ್ದ. ಅವನ ಕುರ್ಚಿಯಿಂದ ಎದ್ದು ನಿಂತಿದ್ದವನು ಕರಿಬಸಜ್ಜ, ಅವನೂ ಸಂಘದವನೇ. ಮುಖದ ಅರ್ಧಕ್ಕೆ ನೊರೆ ಇತ್ತು. ಮೂಗಿನ ಕೆಳಗೆ ಬಲಗಡೆ ಮೀಸೆ ಇತ್ತು, ಎಡಗಡೆ ಇರಲಿಲ್ಲ.

"ಹೆಣ್ತಿ ಸತ್ತಾಗೂ ತೆಗಸಿದ್ದಿಲ್ಲಲೇ ಇದನ್ನ! ಯಾರನ್ನ ಕೇಳಿ ಕೈ ಹಾಕಿದಿ? ನಮ್ಮಪ್ಪ ಸತ್ತಾನೇನು?"

"ನಿಮ್ಮಪ್ಪ ಸತ್ತು ನಲವತ್ತು ವರ್ಷಾತು ಬಿಡೋ" ಎಂದು ಚಹಾ ಅಂಗಡಿಯಿಂದ ಯಾರೋ ಕೂಗಿದರು. "ಈಗ ತಿಥಿ ಮಾಡ್ಯಾನ ಅನ್ಕೋ."

"ಬಾಯಿ ಮುಚ್ಚಲೇ! ಎರ್ರಿಸ್ವಾಮಿ, ಹೇಳು. ಮೂವತ್ತು ವರ್ಷ ನನ್ನ ಮಾರಿ ನೋಡೀದಿ. ಮೀಸಿ ಇಲ್ಲದ್ದು ಒಂದಿನ ನೋಡೀದಿ?"

ಎರ್ರಿಸ್ವಾಮಿ ಕತ್ತಿಯನ್ನು ಅಂಗೈಗೆ ಒರೆಸುತ್ತ ನಿಂತಿದ್ದ. ಅವನ ಮುಖದಲ್ಲಿ ತಪ್ಪು ಮಾಡಿದವನ ಅಳುಕು ಇರಲಿಲ್ಲ. ಅದೇ ಹುಲಿಗೆಮ್ಮನಿಗೆ ವಿಚಿತ್ರವೆನಿಸಿತು. ಅಪ್ಪ ಗಿರಾಕಿಯ ಕಿವಿಯ ಹತ್ತಿರದ ಕೂದಲೊಂದು ಹೆಚ್ಚು ಕಡಿಮೆಯಾದರೂ ಎರಡು ದಿನ ಕೊರಗುವವನು.

"ತಗದ್ರ ಚೊಲೋ ಕಾಣ್ತದ ಅನಸ್ತು, ತಗದೆ" ಎಂದ ಅಪ್ಪ. "ಭಾಳ ಮಂದಿ ಈಗ ಇಟ್ಗೊಳ್ಳೂದಿಲ್ಲ."

"ಭಾಳ ಮಂದಿ ಮಾರಿ ನನಗ್ಯಾಕಲೇ ಹಚ್ತೀ?"

ಉಳಿದ ಅರ್ಧವನ್ನೂ ತೆಗೆಯದೆ ಬೇರೆ ದಾರಿ ಇರಲಿಲ್ಲ. ಕರಿಬಸಜ್ಜ ಟವಲಿನಿಂದ ಬಾಯಿ ಮುಚ್ಚಿಕೊಂಡು ಮನೆಗೆ ಹೋದ. ಹುಲಿಗೆಮ್ಮ ಬಿಸಿನೀರಿನ ತಂಬಿಗೆ ಇಟ್ಟು, ನೆಟ್ಟಗೆ ಡಿಪೋಗೆ ಬಂದಳು.

ಪರದೆಯಲ್ಲಿ ಅಪ್ಪನ ಸಂಖ್ಯೆ ಒತ್ತಿದಳು: ಹದಿನೇಳು. ಬೆಳಗಿನ ಹೊತ್ತಿಗೆ ಹಿಂದಕ್ಕೆ ಸರಿಸಿದಳು. ಎರಡು ಗೆರೆ ಬಂದವು. ನೋಡಿದಳು. ಕಣ್ಣುಜ್ಜಿ ಮತ್ತೆ ನೋಡಿದಳು. ಬೇರೆ ಸಂಖ್ಯೆ ಒತ್ತಿದಳು, ಮತ್ತೊಂದು ಒತ್ತಿದಳು. ಎಲ್ಲರದ್ದೂ ಒಂದೇ. ಮೂರು ತಿಂಗಳಿಂದ ಈ ಕಡೆ ಯಾರೂ ನೋಡಿರಲಿಲ್ಲ. ಕೈ ನಡುಗದಿದ್ದರೆ ಯಾರು ನೋಡುತ್ತಾರೆ?

ಕೆಂಪು ಗೆರೆ ಮುಂದಿತ್ತು. ಹಸಿರು ಅದರ ಹಿಂದೆ ಬರುತ್ತಿತ್ತು.

*

ಖಾಜಾ ಹುಸೇನ್ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ಹಚ್ಚಿ ನೋಡಿದರು. ತಾವೂ ಎರಡು ಸಂಖ್ಯೆ ಒತ್ತಿ ನೋಡಿದರು.

"ಬಂಡಿ ಎತ್ತನ್ನ ಎಳದಂಗ ಆತಲ್ಲ ಇದು" ಎಂದರು ಕೊನೆಗೆ.

ಶುಕ್ರವಾರ ಕಂಪನಿಯ ನಂದಿತಾ ಮೇಡಂ ಬಂದಾಗ ಖಾಜಾ ಆಕೆಯನ್ನೇ ಕೇಳಿದರು. ಭಾನುವಾರದ ಮೀಟಿಂಗಿಗೆ ಜಾಗ ನೋಡಲು ಬಂದಿದ್ದ ಆಕೆ ಹೆದರಲೂ ಇಲ್ಲ, ಮುಚ್ಚಿಡಲೂ ಇಲ್ಲ. ಹುಲಿಗೆಮ್ಮ ಬಾಗಿಲ ಮರೆಯಲ್ಲಿ ಕುಂಚ ಹಿಡಿದು ನಿಂತಿದ್ದಳು.

"ಅದು ಹಾಗೇ ಇರಬೇಕು ಸರ್" ಎಂದರು ನಂದಿತಾ. "ನಿಮ್ಮ ಪೆಟ್ಟಿಗೆ ಪಕ್ಕದಲ್ಲೇ ಇತ್ತು, ಕೈ ಅಲ್ಲಾಡಿದ ಮೇಲೆ ಹೇಳಿದರೂ ನಡೀತಿತ್ತು. ನಮ್ಮ ಯಂತ್ರ ಆರುನೂರು ಕಿಲೋಮೀಟರ್ ದೂರ. ಸುದ್ದಿ ಹೋಗಿ ಉತ್ತರ ಬರೋಷ್ಟರಲ್ಲಿ ತಡ ಆಗುತ್ತೆ. ಅದಕ್ಕೇ ಅದು ಕಾಯಲ್ಲ. ಕೈ ಮುಂದೆ ಏನು ಮಾಡುತ್ತೆ ಅಂತ ಊಹೆ ಮಾಡಿ ಮೊದಲೇ ಕಳಿಸಿಬಿಡುತ್ತೆ."

"ಹೆಂಗ ಊಹೆ ಮಾಡ್ತದ್ರಿ?"

"ಲಕ್ಷಾಂತರ ಕೈಗಳನ್ನ ನೋಡಿ ಕಲಿತಿದೆ. ಲೋಟ ಹಿಡಿದ ಕೈ ಮುಂದೆ ಎಲ್ಲಿಗೆ ಹೋಗುತ್ತೆ? ಬಾಯಿಗೆ. ಅಷ್ಟೇ."

"ಊಹೆ ತಪ್ಪಿದ್ರ?"

"ತಪ್ಪಿದ್ರೆ ಅವರೇ ಹೇಳ್ತಿದ್ರಲ್ವಾ?" ಆಕೆ ನಕ್ಕರು. ಒಳ್ಳೆಯ ನಗು. "ನಲವತ್ತು ಸಂಘ ನಮ್ಮ ಹತ್ರ ಬಂದಿವೆ. ಇಲ್ಲಿವರೆಗೆ ಒಂದು ಕಂಪ್ಲೇಂಟ್ ಇಲ್ಲ, ಸರ್. ನನಗೇ ಆಶ್ಚರ್ಯ."

ಆಕೆ ಸುಳ್ಳು ಹೇಳುತ್ತಿಲ್ಲವೆಂದು ಹುಲಿಗೆಮ್ಮನಿಗೆ ಅನಿಸಿತು. ಅದೇ ಅವಳನ್ನು ಹೆಚ್ಚು ಕಾಡಿತು. ಸುಳ್ಳಾಡುವವರ ಕಣ್ಣು ಅವಳಿಗೆ ಗೊತ್ತಿತ್ತು, ಹಿಡಿಯಬಹುದಿತ್ತು. ಈಕೆಗೆ ಗೊತ್ತಿದ್ದೇ ಇಷ್ಟು.

*

ಶನಿವಾರ ಮಧ್ಯಾಹ್ನ ಅಪ್ಪ ಉಣ್ಣಲು ಬಂದ. ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ. ಮಜ್ಜಿಗೆಯನ್ನು ಅಪ್ಪ ಮೊದಲು ಒಂದು ಗುಟುಕು ಕುಡಿದು ನೋಡುತ್ತಾನೆ. ಆಮೇಲೆ ಬೇಕಾದರೆ ಚಿಟಿಕೆ ಉಪ್ಪು. ಅವ್ವ ಇದ್ದಾಗಿನಿಂದ ಹೀಗೇ. ಅವ್ವನ ಕೈ ಒಮ್ಮೊಮ್ಮೆ ಉಪ್ಪಿಗೆ ಜೋರಿತ್ತು. ಹುಲಿಗೆಮ್ಮ ಇವತ್ತು ಬೇಕೆಂದೇ ಉಪ್ಪು ಜಾಸ್ತಿ ಹಾಕಿ, ಉಪ್ಪಿನ ಬಟ್ಟಲನ್ನು ತಾಟಿನ ಮಗ್ಗುಲಿಗೆ ಇಟ್ಟು, ಒಲೆಯ ಕಡೆ ತಿರುಗಿ ಕೂತಳು. ತಿರುಗಿ ಕೂತರೂ ಕಣ್ಣು ಅಲ್ಲೇ ಇತ್ತು.

ಅಪ್ಪ ಲೋಟ ಹತ್ತಿರ ಎಳೆದುಕೊಂಡ. ಬಾಯಿಗೆ ಒಯ್ಯಲಿಲ್ಲ. ಕೈ ಉಪ್ಪಿನ ಬಟ್ಟಲಿಗೆ ಹೋಯಿತು, ಚಿಟಿಕೆ ತಂದಿತು, ಹಾಕಿತು, ಕದಡಿತು. ಆಮೇಲೆ ಕುಡಿದ. ಮುಖ ಹಿಂಡಿಕೊಂಡ.

"ಉಪ್ಪಾತೇನಪ್ಪಾ?"

"ಇಲ್ಲ. ಸರಿ ಐತಿ."

"ಹಾಕೂ ಮೊದಲು ಯಾಕ ಕುಡದು ನೋಡಲಿಲ್ಲ?"

"ನಂಗ ಇವತ್ತು ಉಪ್ಪು ಬೇಕನಸಿತ್ತು. ಬೇಕಂತನ ಹಾಕ್ಕೊಂಡೆ." ಇನ್ನೊಂದು ಗುಟುಕು ಕುಡಿದ. ಕಣ್ಣಲ್ಲಿ ನೀರು ಬಂದರೂ ಕುಡಿದ.

ಹುಲಿಗೆಮ್ಮ ಅಪ್ಪನ ಕಡೆ ತಿರುಗಿ ಕೂತಳು. "ಅಪ್ಪಾ, ನಾ ಮೊದ್ಲ ಮೂರು ಚಮಚ ಹಾಕಿದ್ದೆ. ನಿನಗ ಬೇಕಾಗಿದ್ದಿಲ್ಲ. ಕೈ ಹೋತು, ಆಮ್ಯಾಲ ನೀ ಬೇಕು ಅಂದ್ಕೊಂಡಿ. ಕರಿಬಸಜ್ಜನ ಮೀಸೀನೂ ಹಂಗ. ಅದು ಮುಂದ ಹೋಗ್ತದ, ನೀ ಹಿಂದ ಹೋಗಿ ಹೂಂ ಅಂತೀ."

"ನನ್ನ ಕೈ ಮ್ಯಾಲ ನೀ ಸಂಶಯ ಪಡ್ತೀ?"

"ನಿನ್ನ ಮ್ಯಾಲ ಅಲ್ಲಪ್ಪ..."

"ಮತ್ತ್ಯಾರ ಮ್ಯಾಲ? ಇದು ಯಾರ ಕೈ?" ಅಪ್ಪ ಎದ್ದು ನಿಂತ. ದನಿ ಏರಿತು, ಆಮೇಲೆ ಒಮ್ಮೆಲೆ ಇಳಿಯಿತು. "ನೋಡ್ ಹುಲಿಗೀ, ಆ ಎರಡು ದಿನ ನೀ ನನಗ ಬಾಯಾಗ ತುತ್ತಿಟ್ಟಿ. ಬಚ್ಚಲಿಗೆ ಕರಕೊಂಡು ಹೋದಿ. ಮಗಳು ನೀ. ನಾ ಅವತ್ತ ಸತ್ತೆ. ಮತ್ತ ಆ ಪೆಟಗಿ ಕೆಟ್ರ? ಮೋಡ ಒಂದಿನಾನೂ ಕೈ ಬಿಟ್ಟಿಲ್ಲ. ಚಿಟಿಕಿ ಉಪ್ಪು ಹೆಚ್ಚಾದ್ರ ಆತು, ನನ್ನ ಬಾಯಿ ನಾ ನೋಡ್ಕೋತೀನಿ."

ಅಪ್ಪ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವನು ಕೈ ತೊಳೆದುಕೊಂಡು ಹೊರಗೆ ಹೋಗುವಾಗ ಅವಳು ನೋಡಿದ್ದು ಒಂದನ್ನೇ: ಚಿಲಕಕ್ಕೆ ಕೈ ಮೊದಲು ಹೋಯಿತು, ಅಪ್ಪನ ಕಣ್ಣು ಆಮೇಲೆ ಹೋಯಿತು. ನಾಳೆ ಇದೇ ಕೈ ಯಾರದೋ ಗಂಟಲ ಮೇಲೆ ಕತ್ತಿ ಇಟ್ಟಿರುತ್ತದೆ. ಊಹೆ ತಪ್ಪಿದರೂ ಅಪ್ಪ ತಾನೇ ಮಾಡಿದೆ ಎಂದು ಒಪ್ಪಿಕೊಳ್ಳುತ್ತಾನೆ, ಜೈಲಿಗೆ ಹೋಗುವಾಗಲೂ.

*

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಡಿಪೋ ತುಂಬಿತು. ಮೂವತ್ತೊಂದು ಮಂದಿಯೂ ಬಂದಿದ್ದರು, ಎಲ್ಲರ ಬಲತೋಳಿಗೂ ಬೂದು ಬಣ್ಣದ ಪಟ್ಟಿ. ಅಧ್ಯಕ್ಷೆ ಹನುಮಕ್ಕ ಅದಿರು ಒಡೆಯುವ ಹೆಂಗಸರ ಗುಂಪಿನ ಮೇಸ್ತ್ರಿಯಾಗಿದ್ದವಳು; ಈಗಲೂ ಮಾತಾಡಿದರೆ ಗುಡ್ಡದ ಆಚೆ ಬದಿಗೂ ಕೇಳಬೇಕು.

"ಸುಮ್ಕಿರ್ರಿ! ಪೆಟಗಿನೋ ಮೋಡನೋ, ಇವತ್ತ ಹರೀಬೇಕು. ಪೆಟಗಿ ನಮ್ಮದು, ಖರೆ. ಕೆಟ್ರ ನಾವ ಹೈದ್ರಾಬಾದಿಗೆ ಓಡಬೇಕು, ಅದೂ ಖರೆ. ಖಾಜಾಗೂ ವಯಸ್ಸಾತು. ಇವನ ಕೈ ನಡುಗಾಕ ಹತ್ತಿದ್ರ ಪೆಟಗಿ ಯಾರು ಬಿಚ್ಚವ್ರು?"

"ನಾ ಗಟ್ಟಿ ಅದೀನವಾ" ಎಂದರು ಖಾಜಾ. "ಎರಡನ್ನೂ ಇಟ್ಗೊಳ್ರಿ ಅಂತೀನಿ. ಮೋಡ ಕೆಟ್ರ ಪೆಟಗಿ, ಪೆಟಗಿ ಕೆಟ್ರ ಮೋಡ."

"ಅದು ಆಗಲ್ಲ ಸರ್" ಎಂದರು ನಂದಿತಾ ಮೇಡಂ, ಮೂಲೆಯ ಕುರ್ಚಿಯಿಂದ. "ಒಂದು ಪಟ್ಟಿಗೆ ಇಬ್ಬರು ಹೇಳೋ ಹಾಗಿಲ್ಲ. ಒಪ್ಪಂದದಲ್ಲೇ ಇದೆ, ಹಳೇ ಸರ್ವರ್ ತೆಗೀಬೇಕು."

"ಇಬ್ಬರು ಹೆಂಡರ ಗಂಡ ಆದಂಗ ಆಕ್ಕತಿ ಕೈ" ಎಂದನೊಬ್ಬ. ನಗೆಯೆದ್ದಿತು.

"ಮೋಡ ನಮ್ಮೂರಿಗೆ ಯಾವತ್ತು ಹೊತ್ತಿಗೆ ಸರಿಯಾಗಿ ಬಂದೈತ್ರಲೇ?" ಎಂದ ಕರಿಬಸಜ್ಜ, ಟವಲಿನೊಳಗಿಂದ. ಮತ್ತೆ ನಗೆ.

ಹುಲಿಗೆಮ್ಮ ಎದ್ದು ನಿಂತಳು. ಯಾಕೆ ಎದ್ದಳೆಂದು ಅವಳಿಗೇ ಗೊತ್ತಾಗಲಿಲ್ಲ, ಆದರೆ ಎದ್ದದ್ದು ತಾನೇ ಎಂಬುದು ಗೊತ್ತಿತ್ತು. ಖಾಜಾ ಪ್ರಿಂಟ್ ಮಾಡಿಕೊಟ್ಟ ಹಾಳೆ ಕೈಯಲ್ಲಿತ್ತು. ಸೆರಗಿನ ತುದಿಯನ್ನು ಹಿಂಡುತ್ತ, ಮೊದಲ ಸಲ ಅಷ್ಟು ಮಂದಿಯ ಮುಂದೆ ಬಾಯಿ ತೆರೆದಳು.

"ಇದು ಮೊದ್ಲಿಂದು. ಹಸ್ರು ಕೈ. ಕೆಂಪು ಪೆಟಗಿ. ಪೆಟಗಿ ಕೈ ಹಿಂದ ಬರ್ತಿತ್ತು. ಇದು ಈಗಿಂದು. ಕೆಂಪು ಮುಂದ ಐತಿ. ಅಂದ್ರ... ನೀವು ಮಾಡೂಕಿಂತ ಮೊದ್ಲ ಅದು ಮಾಡಸ್ತದ. ಆಮ್ಯಾಲ ನಿಮಗ ನೀವ ಮಾಡಿದಂಗ ಅನಸ್ತದ. ಕರಿಬಸಜ್ಜಾ, ನಿಮ್ಮ ಮೀಸಿ ತಗದದ್ದು ನಮ್ಮಪ್ಪ ಅಲ್ಲ."

ಕರಿಬಸಜ್ಜ ಟವಲು ಇಳಿಸಿ ಹಾಳೆ ಇಸಿದುಕೊಂಡ, ದೂರ ಹಿಡಿದ, ಹತ್ತಿರ ಹಿಡಿದ.

"ಹುಡುಗಿ ಹೇಳೂದು ನನಗ ತಿಳೀತು" ಎಂದ. "ಮೊನ್ನಿ ನಾನು ಬಸ್ಸಿಗೆ ಕೈ ಮಾಡಿದೆ. ಬಸ್ಸು ನಿಂತಿತು. ನನಗ ಎಲ್ಲಿಗೂ ಹೋಗೂದಿದ್ದಿಲ್ಲ. ಆದ್ರೂ ಹತ್ತಿ ಸೊಂಡೂರಿಗೆ ಹೋಗಿ ಬಂದೆ. ಕೈ ಮಾಡೀನಿ ಅಂದ ಮ್ಯಾಲ ಕೆಲ್ಸ ಇರಬೇಕು ಅಂದ್ಕೊಂಡೆ." ಯಾರೂ ನಗಲಿಲ್ಲ. "ನಾ ಮೋಡಕ್ಕ ಒಲ್ಲೆ. ಬರ್ಕೋರಿ."

ಇನ್ನಿಬ್ಬರು ಒಲ್ಲೆವೆಂದರು. ಹಿಂದಿನ ಸಾಲಿನ ಹೆಂಗಸೊಬ್ಬಳು, ಮೊಮ್ಮಗನಿಗೆ ಹೊಡೆಯಬೇಕೆಂದಿರಲಿಲ್ಲ, ಹೊಡೆದೆ ಎಂದು ಹೇಳಿ ಕಣ್ಣೊರೆಸಿಕೊಂಡಳು. ಎರ್ರಿಸ್ವಾಮಿ ನೆಲ ನೋಡುತ್ತ ಕೂತಿದ್ದ. ಹುಲಿಗೆಮ್ಮ ಅವನನ್ನೇ ನೋಡಿದಳು. ಅವನು ತಲೆ ಎತ್ತಿ ಅವಳನ್ನು ನೋಡಿ, ಬಲು ಸಣ್ಣಗೆ, ಅವಳಿಗೆ ಮಾತ್ರ ಕಾಣುವಷ್ಟು, ಅಡ್ಡಡ್ಡ ತಲೆ ಆಡಿಸಿದ. ಬೇಡ. ಅಪ್ಪನೂ ಮೋಡ ಬೇಡ ಎನ್ನುತ್ತಿದ್ದ.

"ಆತು, ಮಾತು ಸಾಕು. ಕೈ ಎತ್ತಿಸಿಬಿಡೂಣು" ಎಂದಳು ಹನುಮಕ್ಕ. ಸಂಘದಲ್ಲಿ ಎಲ್ಲ ತೀರ್ಮಾನವೂ ಹೀಗೇ. ಓದು ಬಾರದವರೇ ಹೆಚ್ಚು, ಚೀಟಿ ಯಾರು ಬರೆಯುತ್ತಾರೆ? "ಎಲ್ಲಾ ಕಡೆ ಹಿಂಗ ಮಾಡಿದ್ರೇನ್ರಿ, ಮೇಡಂ?"

"ಹೌದಮ್ಮ, ನಲವತ್ತು ಸಂಘದಲ್ಲೂ ಕೈ ಎತ್ತೇ ಮಾಡಿದ್ದು. ಎಲ್ಲಾ ಕಡೆ ಒಮ್ಮತ" ಎಂದು ನಂದಿತಾ ಪುಸ್ತಕ ತೆರೆದರು.

ಹುಲಿಗೆಮ್ಮ ಆ ಪುಸ್ತಕವನ್ನೇ ನೋಡಿದಳು. ನಲವತ್ತು ಸಂಘ. ಅಷ್ಟೂ ಕೈಗಳನ್ನು ನೋಡಿ ಮೋಡ ಕಲಿತಿದೆ. ಮೊದಲ ಒಂದೆರಡು ಸಂಘದವರು ತಾವಾಗಿಯೇ ಎತ್ತಿದ್ದರೋ ಏನೋ. ಆಮೇಲೆ? ಇಂಥ ಮೀಟಿಂಗಿನಲ್ಲಿ, ಇಂಥ ಹೊತ್ತಿಗೆ, ಕೈ ಎಲ್ಲಿಗೆ ಹೋಗುತ್ತದೆಂದು ಅದಕ್ಕೆ ಗೊತ್ತು.

"ತಡೀರಿ, ಹನುಮಕ್ಕತ್ತೀ, ಮೊದ್ಲು ಪಟ್ಟಿ ಬಿಚ್ಚಿ..." ಎಂದಳು. ಅವಳ ದನಿ ಎರಡನೇ ಸಾಲಿಗೂ ಮುಟ್ಟಲಿಲ್ಲ.

"ಮೋಡಕ್ಕ ಹೋಗೂದು ಬೇಕು ಅನ್ನವ್ರು..." ಎಂದಳು ಹನುಮಕ್ಕ.

ಮಾತು ಮುಗಿದಿರಲಿಲ್ಲ. ಬಟ್ಟೆ ಸರಿದ ಸದ್ದು ಒಂದೇ ಸಲ, ಒಂದೇ ಸದ್ದಾಗಿ ಬಂತು. ಮೂವತ್ತೊಂದು ಕೈ ಮೇಲಿದ್ದವು. ಹನುಮಕ್ಕನದೂ ಇತ್ತು. ಎಲ್ಲ ಒಂದೇ ಎತ್ತರ, ಎಲ್ಲ ಅಂಗೈ ಮುಂದಕ್ಕೆ, ಬೆರಳು ಜೋಡಿಸಿ. ಈ ಮಂದಿ ಯಾವತ್ತೂ ಹೀಗೆ ಕೈ ಎತ್ತಿದವರಲ್ಲ. ಕರಿಬಸಜ್ಜ ಚಹಾ ಕರೆಯುವವನಂತೆ ಒಂದು ಬೆರಳು ಎತ್ತುವವನು. ಅಪ್ಪನಿಗೆ ಹೆಗಲು ನೋವು. ಕಿವಿಗಿಂತ ಮೇಲೆ ಅವನ ಕೈ ಹೋಗುತ್ತಿರಲಿಲ್ಲ. ಈಗ ಒಬ್ಬರ ಕೈಯೂ ನಡುಗುತ್ತಿರಲಿಲ್ಲ.

ಕರಿಬಸಜ್ಜ ತನ್ನ ಕೈಯನ್ನು ಕತ್ತೆತ್ತಿ ನೋಡಿದ. ಸ್ವಲ್ಪ ಹೊತ್ತು ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಹುಬ್ಬು ಸಡಿಲವಾಯಿತು.

"ಹೂಂ... ಯೋಚನಿ ಮಾಡಿದೆ. ಮೋಡನ ಚೊಲೋ" ಎಂದ.

"ನಾನೂ ಅದನ್ನ ಅಂದ್ಕೊಂಡೆ" ಎಂದಳು ಹಿಂದಿನ ಸಾಲಿನ ಹೆಂಗಸು.

ನಂದಿತಾ ಮೇಡಂ ಎದ್ದು ಸಾಲುಸಾಲಾಗಿ ಎಣಿಸಿದರು, ಬರೆದರು, ಪುಸ್ತಕ ಮುಚ್ಚಿದರು. "ಥ್ಯಾಂಕ್ಸ್. ಮತ್ತೆ ಒಮ್ಮತ." ಖಾಜಾ ಗೋಡೆಗೆ ಆತುಕೊಂಡು ಕಣ್ಣು ಮುಚ್ಚಿದರು.

ಹುಲಿಗೆಮ್ಮ ಬೆಂಚುಗಳ ನಡುವೆ ನಡೆದು ಅಪ್ಪನ ಎದುರಿಗೆ ಹೋಗಿ ನಿಂತಳು. ಅವನ ಕೈ ಇನ್ನೂ ಮೇಲೇ ಇತ್ತು. ಎಲ್ಲರದ್ದೂ ಮೇಲೇ ಇದ್ದವು. ಅವನು ಅವಳನ್ನೇ ನೋಡುತ್ತಿದ್ದ, ಗುರುತು ಹಿಡಿದು, ಪ್ರೀತಿಯಿಂದ, ಏನೂ ಆಗಿಲ್ಲವೆಂಬಂತೆ.

"ಅಪ್ಪಾ, ಎಣಿಸೂದು ಮುಗೀತು" ಎಂದಳು. "ಕೈ ಇಳಸು."

ಅಪ್ಪ ಹೂಂ ಎಂದ, ಕೈ ಇಳಿಯಲಿಲ್ಲ.